ಎರಡು ದಿನದ ನೋಟಿಸು ಹನ್ನೊಂದು ತಿಂಗಳು ಎಲ್ಲಿತ್ತು? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಕೌಟುಂಬಿಕ ಹಿಂಸೆ ಪ್ರಕರಣಗಳಲ್ಲಿ ನೋಟಿಸ್ ಜಾರಿಯಾಗದೆ, ಆದೇಶವಾದರೂ ಅದು ಕೈಗೂಡದೆ ಹೆಣ್ಣುಮಕ್ಕಳು ಪಡುತ್ತಿರುವ ಪಾಡಿನ ಬಗ್ಗೆ.

ಮಾನ್ಯರೇ,

ನಾನು ತೆಂಗಿನ ಸೀಮೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಹದಿನೇಳು ವರ್ಷಗಳಿಂದ ವಕೀಲಿ ಮಾಡುತ್ತಿರುವವಳು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲಿದ್ದೇನೆ. ನಾನು ನಡೆಸುವ ಡಿ.ವಿ. (ಕೌಟುಂಬಿಕ ಹಿಂಸೆ) ಕೇಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಸಮಿತಿಯ ಮೂಲಕವೇ ಬಂದವು. ಈ ಪತ್ರದಲ್ಲಿ ಊರಿನ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಬರೆಯುತ್ತಿಲ್ಲ. ಬರೆದರೆ ಯಾರೋ ಒಬ್ಬ ಅಧಿಕಾರಿಗೆ ಕಾರಣ ಕೇಳಿ ನೋಟಿಸು ಹೋಗುತ್ತದೆ, ಯಾರೋ ಒಬ್ಬ ಗುಮಾಸ್ತರಿಗೆ ವರ್ಗವಾಗುತ್ತದೆ, ಅಲ್ಲಿಗೆ ಕಡತ ಮುಚ್ಚಿಹೋಗುತ್ತದೆ. ನಾನು ಹೇಳಬೇಕಾಗಿರುವುದು ಒಬ್ಬ ವ್ಯಕ್ತಿಯ ತಪ್ಪಿನ ವಿಷಯವಲ್ಲ. ವ್ಯವಸ್ಥೆಯೊಳಗಿನ ಒಂದು ಖಾಲಿ ಜಾಗದ ವಿಷಯ.

ಒಂದು ಪ್ರಕರಣದಿಂದ ಶುರು ಮಾಡುತ್ತೇನೆ, ಅಪ್ಪಣೆ ಕೊಡಿ.

ಆಕೆಗೆ ಮೂವತ್ತೊಂದು ವರ್ಷ. ಇಬ್ಬರು ಮಕ್ಕಳು. ನಾರಿನ ಕಾರ್ಖಾನೆಯಲ್ಲಿ ದಿನಗೂಲಿ. ಯುಗಾದಿ ಕಳೆದ ಮರುವಾರ ಅಣ್ಣನ ಜೊತೆ ನನ್ನ ಆಫೀಸಿಗೆ ಬಂದಾಗ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಮುರಿದ ಬೆರಳುಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಟ್ಟು ಹಾಕಿದ್ದರು. ಆಸ್ಪತ್ರೆಯ ಚೀಟಿಯಲ್ಲಿ ‘ಬಿದ್ದು ಪೆಟ್ಟಾಗಿದೆ’ ಎಂದು ಬರೆಸಿದ್ದಳು, ಏಕೆಂದರೆ ಚೀಟಿ ಬರೆಯುವಾಗ ಗಂಡ ಪಕ್ಕದಲ್ಲೇ ನಿಂತಿದ್ದನಂತೆ. ಹತ್ತು ವರ್ಷದ ಸಂಸಾರದ ಕಥೆಯನ್ನು ಆಕೆ ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ: ‘ಮಕ್ಳ ಖರ್ಚಿಗೆ ಏನಾದ್ರೂ ಕೊಡಿಸಿ ಮೇಡಂ, ಅವ್ರು ಇಲ್ಲಿ ಬಂದು ಗಲಾಟೆ ಮಾಡ್ದಂಗೆ ಮಾಡಿ. ಜೈಲಿಗೆ ಕಳಿಸೋದೆಲ್ಲ ಬ್ಯಾಡ.’

ಆಕೆ ಕೇಳಿದ ಇವೆರಡನ್ನೂ ಕೊಡುವುದಕ್ಕೆಂದೇ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದು. 2005ರಲ್ಲಿ ಸಂಸತ್ತು ಅಂಗೀಕರಿಸಿತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆದವನನ್ನು ಮೊದಲ ದಿನವೇ ಹಿಡಿದು ಒಳಗೆ ಹಾಕುವ ಕಾಯ್ದೆ ಇದಲ್ಲ. ಹೊಡೆಯಬೇಡ ಎಂದು ಆದೇಶ, ಮನೆಯಿಂದ ಹೊರಹಾಕಬೇಡ ಎಂದು ಆದೇಶ, ಖರ್ಚಿಗೆ ಕೊಡು ಎಂದು ಆದೇಶ, ಮಕ್ಕಳನ್ನು ತಾಯಿಯ ಸುಪರ್ದಿಗೆ ಬಿಡು ಎಂದು ಆದೇಶ. ಆದೇಶ ಮೀರಿದರೆ ಮಾತ್ರ ಅಪರಾಧ. ಹೆಣ್ಣುಮಕ್ಕಳಿಗೆ ಬೇಕಾಗಿರುವುದು ಏನೆಂದು ಬಲ್ಲವರು ಬರೆದ ಕಾಯ್ದೆ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಕಿರಿಯ ವಕೀಲರಿಗೆ ಇದನ್ನು ಓದಿ ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ.

ಈ ಕಾಯ್ದೆ ದಿನಗಳನ್ನು ಲೆಕ್ಕ ಹಾಕಿ ಬರೆದದ್ದು, ಮಾನ್ಯರೇ. ಅರ್ಜಿ ನ್ಯಾಯಾಲಯಕ್ಕೆ ತಲುಪಿದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು. ಮೊದಲ ವಿಚಾರಣೆಯಿಂದ ಅರವತ್ತು ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕು. ಇವೆರಡೂ 12ನೇ ಕಲಮಿನಲ್ಲಿವೆ. ನಡುವೆ 13ನೇ ಕಲಮು ಇದೆ. ಎದುರುದಾರರಿಗೆ ಹೋಗಬೇಕಾದ ನೋಟಿಸನ್ನು ಮ್ಯಾಜಿಸ್ಟ್ರೇಟರು ಸಂರಕ್ಷಣಾಧಿಕಾರಿಗೆ ಕೊಡಬೇಕು, ಅದು ಅವರ ಕೈಸೇರಿದ ಎರಡು ದಿನದೊಳಗೆ, ಇಲ್ಲವೇ ಮ್ಯಾಜಿಸ್ಟ್ರೇಟರು ಕೊಡುವ ಹೆಚ್ಚಿನ ಸಮಂಜಸ ಕಾಲದೊಳಗೆ ಜಾರಿಯಾಗಬೇಕು ಎನ್ನುತ್ತದೆ ಅದು. ಆ ಅಧಿಕಾರಿ ತಮ್ಮ ಇಲಾಖೆಯವರು. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಸಿಡಿಪಿಒಗಳೇ, ಈ ಹೊಣೆ ಹೊತ್ತಿದ್ದಾರೆ.

ನನ್ನ ಕಕ್ಷಿದಾರಳ ನೋಟಿಸು ಹೋದ ದಾರಿಯನ್ನು ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಅರ್ಜಿ ಹಾಕಿದೆವು. ಮಧ್ಯಂತರ ಆದೇಶಕ್ಕೆ ಪ್ರತ್ಯೇಕ ಅರ್ಜಿ, ಪ್ರಮಾಣಪತ್ರ ಎಲ್ಲ ಇತ್ತು. ‘ನೋಟಿಸ್ ಆಗಲಿ, ಆಮೇಲೆ ಕೇಳೋಣ’ ಎಂದು ನ್ಯಾಯಾಲಯ ಹೇಳಿತು. ನೋಟಿಸು ನಮ್ಮ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಹೋಯಿತು. ಗಂಡನ ಊರು ಪಕ್ಕದ ತಾಲ್ಲೂಕಿನದು, ಹಾಗಾಗಿ ಒಂದು ಮುಖಪತ್ರ ಬರೆದು ಅಂಚೆಯಲ್ಲಿ ಆ ತಾಲ್ಲೂಕಿನ ಕಚೇರಿಗೆ ಕಳಿಸಿದರು. ಅಲ್ಲಿ ಅದು ವಲಯದ ಮೇಲ್ವಿಚಾರಕಿಯ ಕೈಗೆ ಹೋಯಿತು. ಆಕೆ ತಿಂಗಳ ಸಭೆಯ ದಿನ ಅದನ್ನು ಆ ಊರಿನ ಅಂಗನವಾಡಿ ಕಾರ್ಯಕರ್ತೆಗೆ ಕೊಟ್ಟರು. ಅಷ್ಟು ಹೊತ್ತಿಗೆ ಮೊದಲ ವಾಯಿದೆ ಕಳೆದುಹೋಗಿತ್ತು. ಎರಡನೇ ವಾಯಿದೆಗೆ ಹೊಸ ನೋಟಿಸು, ಅದೇ ದಾರಿ. ಮೂರನೆಯದಕ್ಕೆ ಷರಾ ಬಂತು: ‘ಸದರಿ ಆಸಾಮಿಯು ಗ್ರಾಮದಲ್ಲಿ ವಾಸವಿರುವುದಿಲ್ಲವೆಂದು ತಿಳಿದುಬಂದಿರುತ್ತದೆ.’ ನಾಲ್ಕನೆಯದು, ಐದನೆಯದು ಹೀಗೇ. ಒಂದು ಸಲ ವರದಿಯೇ ಬರಲಿಲ್ಲ. ಅಂಚೆಯಲ್ಲಿ ಆರ್‌ಪಿಎಡಿ, ಅಂದರೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆ, ಕಳಿಸಲು ಅನುಮತಿ ಪಡೆದು ಪಿ.ಎಫ್. (ನೋಟಿಸು ಕಳಿಸುವ ಶುಲ್ಕ) ಕಟ್ಟಿದೆವು, ಅದು ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ಮರಳಿತು.

ಶಿವರಾತ್ರಿ ಹೊತ್ತಿಗೆ ಆಕೆ ಕೋರ್ಟಿನ ಮೆಟ್ಟಿಲ ಬಳಿ ನಿಂತು ಫೋನು ತೋರಿಸಿದಳು. ‘ಅವ್ರು ಊರಲ್ಲೇ ಅವ್ರೆ ಮೇಡಂ, ನೋಡಿ ಇಲ್ಲಿ.’ ಯಾವುದೋ ನೆಂಟರ ವಾಟ್ಸಾಪ್ ಸ್ಟೇಟಸ್ಸು. ಊರ ಜಾತ್ರೆಯ ತೇರಿನ ಮುಂದೆ, ಹೆಗಲ ಮೇಲೆ ಕೇಸರಿ ಶಲ್ಯ ಹಾಕಿಕೊಂಡು, ಜಾತ್ರಾ ಸಮಿತಿಯವರ ಜೊತೆ ಆತ ನಿಂತಿದ್ದಾನೆ. ಸರ್ಕಾರದ ಕಾಗದದಲ್ಲಿ ಹತ್ತು ತಿಂಗಳಿಂದ ಊರಿನಲ್ಲಿಲ್ಲದ ಮನುಷ್ಯ.

ಆ ಅಂಗನವಾಡಿ ಕಾರ್ಯಕರ್ತೆಯನ್ನು ನಾನು ದೂರುವುದಿಲ್ಲ. ಆಕೆ ಅದೇ ಬೀದಿಯವಳು. ಗೌರವಧನದಲ್ಲಿ ಬದುಕುವವಳು. ಆ ಮನೆಯ ಮಕ್ಕಳೂ ಆಕೆಯ ಅಂಗನವಾಡಿಗೆ ಬರುತ್ತವೆ, ಆ ಮನೆಯ ಗಂಡಸರು ಪಂಚಾಯಿತಿಯಲ್ಲಿ ಕೂರುತ್ತಾರೆ. ನಾಳೆ ಬೆಳಗ್ಗೆ ಅದೇ ನಲ್ಲಿಯಲ್ಲಿ ಆಕೆ ನೀರು ಹಿಡಿಯಬೇಕು. ಆಕೆಯ ಕೈಗೆ ಕೋರ್ಟಿನ ನೋಟಿಸು ಕೊಟ್ಟು ‘ಹೋಗಿ ಜಾರಿ ಮಾಡು’ ಎಂದವರು ಆಕೆಯ ಸುರಕ್ಷತೆಯನ್ನು ಯೋಚಿಸಿದ್ದರೇ?

ಸಿಡಿಪಿಒ ಅವರನ್ನೂ ಒಮ್ಮೆ ಖುದ್ದಾಗಿ ಕಂಡೆ. ಒಳ್ಳೆಯ ಹೆಣ್ಣುಮಗಳು. ಮೇಜಿನ ಮೇಲೆ ಕಡತಗಳ ರಾಶಿ. ‘ಮೇಡಂ, ಇನ್ನೂರು ಚಿಲ್ಲರೆ ಅಂಗನವಾಡಿಗಳು ನನ್ನ ಮೇಲಿವೆ. ಮೊಟ್ಟೆ ಬಂತಾ, ಕಾಳು ಬಂತಾ, ಆ್ಯಪ್‌ನಲ್ಲಿ ಮಕ್ಕಳ ತೂಕ ಏರಿಸಿದ್ರಾ ಅಂತ ದಿನಾ ಕೇಳ್ತಾರೆ. ಗೃಹಲಕ್ಷ್ಮಿ ಹಣ ಬಂದಿಲ್ಲ ಅಂತ ಬೆಳಗ್ಗೆಯಿಂದ ಹೆಂಗಸರು ಬಾಗಿಲಲ್ಲಿ ನಿಂತಿರ್ತಾರೆ. ಬಾಲ್ಯವಿವಾಹ ಅಂತ ಫೋನ್ ಬಂದ್ರೆ ರಾತ್ರಿ ಆದ್ರೂ ನಾನೇ ಓಡ್ಬೇಕು. ಡಿ.ವಿ. ಬಗ್ಗೆ ಮಾತ್ರ ಯಾವ ಮೀಟಿಂಗ್‌ನಲ್ಲೂ ಯಾರೂ ನನ್ನನ್ನ ಕೇಳಿಲ್ಲ.’ ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ಈ ಪತ್ರ ಬರೆಯಲು ನನ್ನನ್ನು ಹಚ್ಚಿದ್ದು ಅವರ ಆ ಕೊನೆಯ ಮಾತು. ಪ್ರತಿ ತಿಂಗಳು ಮೊಟ್ಟೆಯ ಲೆಕ್ಕ ಕೇಳುವ ಇಲಾಖೆ, ಎಷ್ಟು ನೋಟಿಸು ಬಂದವು, ಎಷ್ಟು ಜಾರಿಯಾದವು ಎಂದು ಒಂದು ಸಲವೂ ಕೇಳಿಲ್ಲ. ಮೊಟ್ಟೆಯ ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ, ಅದೂ ಮಗುವಿನ ಅನ್ನ. ಆದರೆ ಈ ಮಕ್ಕಳ ಅನ್ನವೂ ಆ ನೋಟಿಸಿನ ಮೇಲೆಯೇ ನಿಂತಿದೆ.

ಕೊನೆಗೂ ಆ ನೋಟಿಸು ಜಾರಿಯಾದದ್ದು ಹೇಗೆ ಗೊತ್ತೇ? ಆ ವಲಯಕ್ಕೆ ಹೊಸದಾಗಿ ಬಂದ ಯುವ ಮೇಲ್ವಿಚಾರಕಿಯೊಬ್ಬರು ಒಂದು ಭಾನುವಾರ ತಮ್ಮ ಸ್ಕೂಟರಿನಲ್ಲಿ, ತಮ್ಮ ದುಡ್ಡಿನ ಪೆಟ್ರೋಲಿನಲ್ಲಿ ಇಪ್ಪತ್ತಾರು ಕಿಲೋಮೀಟರ್ ಹೋದರು. ಆತ ಬಾಗಿಲು ತೆರೆಯಲಿಲ್ಲ. 2006ರ ನಿಯಮಗಳ 12ನೇ ನಿಯಮ ಹೇಳುವಂತೆ ನೋಟಿಸನ್ನು ಮನೆಯ ಬಾಗಿಲಿಗೆ ಅಂಟಿಸಿದರು, ಫೋಟೋ ತೆಗೆದರು, ವರದಿ ಬರೆದು ಕೋರ್ಟಿಗೆ ಕೊಟ್ಟರು. ಸಂರಕ್ಷಣಾಧಿಕಾರಿ ‘ಜಾರಿಯಾಗಿದೆ’ ಎಂದು ಘೋಷಿಸಿದರೆ ಅದೇ ಪುರಾವೆ, ಸುಳ್ಳೆಂದು ಬೇರೆಯವರು ಸಾಬೀತು ಮಾಡುವವರೆಗೆ ಅದು ನಿಲ್ಲುತ್ತದೆ ಎಂದು ಕಾಯ್ದೆಯೇ ಹೇಳಿದೆ. ಮುಂದಿನ ವಾಯಿದೆಗೆ ಆತ ವಕೀಲರ ಜೊತೆ ಹಾಜರಾದ. ಹನ್ನೊಂದು ತಿಂಗಳು ಹಿಡಿದದ್ದು ಅರ್ಧ ದಿನದ ಕೆಲಸ, ಮಾನ್ಯರೇ.

ಆ ಹನ್ನೊಂದು ತಿಂಗಳು ಆಕೆ ಎಲ್ಲಿದ್ದಳು ಎಂದು ತಾವು ಕೇಳಬೇಕು. ಅಣ್ಣನ ಮನೆಯ ಪಡಸಾಲೆಯಲ್ಲಿದ್ದಳು. ಮೊದಲ ತಿಂಗಳು ಎಲ್ಲರೂ ಕಣ್ಣೀರು ಹಾಕಿದರು. ಮೂರನೇ ತಿಂಗಳಿಗೆ ಅತ್ತಿಗೆಯ ಮುಖ ಬದಲಾಯಿತು. ಆಕೆಗೂ ಮಕ್ಕಳಿವೆ, ಆಕೆಯನ್ನು ಹೇಗೆ ತಪ್ಪೆನ್ನಲಿ. ಐದನೇ ತಿಂಗಳಿಗೆ ಹಿರಿಯರು ಬಂದು ‘ಹೊಂದ್ಕೊಂಡು ಹೋಗಮ್ಮ’ ಎಂದರು. ಆರನೇ ತಿಂಗಳು ದೊಡ್ಡ ಮಗನ ಶಾಲೆ ಬದಲಾಯಿಸಬೇಕಾಯಿತು, ವರ್ಗಾವಣೆ ಪತ್ರ ತರಲು ಗಂಡನ ಊರಿಗೆ ಹೋಗುವ ಧೈರ್ಯವಿರಲಿಲ್ಲ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತಿತ್ತು. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯಿತು, ಅದಕ್ಕೆ ನನ್ನ ಎಷ್ಟೋ ಕಕ್ಷಿದಾರರು ಇವತ್ತಿಗೂ ಕೈ ಮುಗಿಯುತ್ತಾರೆ. ಆದರೆ ಟಿಕೆಟ್ಟಿಲ್ಲದೆ ಕೋರ್ಟಿಗೆ ಬಂದವಳು ‘ನೋಟಿಸ್ ಆಗಿಲ್ಲ, ಮುಂದಿನ ತಿಂಗಳು ಬಾ’ ಎಂದು ಕೇಳಿಸಿಕೊಂಡು ಹಿಂತಿರುಗುತ್ತಿದ್ದಳು.

ಹೀಗೆ ಕಾದು ಕಾದು ಹಿಂತಿರುಗಿ ಹೋದವರೂ ಇದ್ದಾರೆ. ಅವರ ಕೇಸಿನ ಆರ್ಡರ್ ಶೀಟಿನಲ್ಲಿ ‘ಅರ್ಜಿದಾರಳು ಗೈರು, ಅರ್ಜಿ ವಜಾ’ ಎಂದಿರುತ್ತದೆ. ಲೆಕ್ಕಕ್ಕೆ ಅದೊಂದು ಇತ್ಯರ್ಥವಾದ ಪ್ರಕರಣ. ಅವರಲ್ಲಿ ಒಬ್ಬಾಕೆ ಎರಡು ವರ್ಷದ ಮೇಲೆ ಮತ್ತೆ ನನ್ನ ಆಫೀಸಿಗೆ ಬಂದಳು. ಈ ಸಲ ಕಣ್ಣಿಗೆ ಪೆಟ್ಟಾಗಿತ್ತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ಹಿಂಸೆಯೇ ಅಷ್ಟು ಏರಿತೋ, ಹೇಳಿಕೊಳ್ಳುವ ಧೈರ್ಯ ಏರಿತೋ ಎಂಬ ಚರ್ಚೆ ವಿದ್ವಾಂಸರದು. ಆದರೆ ಅದೇ ಸಮೀಕ್ಷೆ ಇಡೀ ದೇಶದ ಬಗ್ಗೆ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ: ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ 14 ಮಾತ್ರ. ತಾಯಿ, ಅಕ್ಕ, ಗೆಳತಿಯ ಹತ್ತಿರ ಹೇಳಿಕೊಂಡದ್ದೂ ಇದರಲ್ಲಿ ಸೇರಿದೆ. ಕೋರ್ಟಿನ ತನಕ ಬರುವವಳು ಇಂಥ ನೂರಾರು ಮೌನಗಳನ್ನು ದಾಟಿ ಬಂದವಳು. ಅವಳನ್ನು ನಾವು ಒಂದು ಷರಾದ ಮೇಲೆ ವಾಪಸು ಕಳಿಸುತ್ತಿದ್ದೇವೆ.

ನೋಟಿಸು ಆದಮೇಲಾದರೂ ದಾರಿ ಸಲೀಸೇ ಎಂದರೆ ಅಲ್ಲೂ ಅದೇ ಖಾಲಿ ಜಾಗ. ನನ್ನ ಆ ಕಕ್ಷಿದಾರಳಿಗೆ ತಿಂಗಳಿಗೆ 5,000 ರೂಪಾಯಿ ಮಧ್ಯಂತರ ಪರಿಹಾರದ ಆದೇಶವಾಯಿತು. ಎರಡು ಕಂತು ಬಂತು, ನಿಂತಿತು. ಬಾಕಿ ವಸೂಲಿಗೆ ಮತ್ತೊಂದು ಅರ್ಜಿ, ಎಫ್‌ಎಲ್‌ಡಬ್ಲ್ಯೂ (ಹಣ ವಸೂಲಿಯ ವಾರಂಟು), ಮತ್ತೆ ‘ಆಸಾಮಿ ಸಿಕ್ಕಿಲ್ಲ’. ಈ ಸಲ ಆ ಮಾತು ಪೊಲೀಸ್ ಠಾಣೆಯಿಂದ. ಹಣದ ಆದೇಶ ಪಾಲನೆಯಾಗಿ ವಸೂಲಾಗುವಂತೆ ನೋಡಿಕೊಳ್ಳುವುದು ಸಂರಕ್ಷಣಾಧಿಕಾರಿಯ ಕರ್ತವ್ಯ ಎಂದು 9ನೇ ಕಲಮು ಬಾಯಿಬಿಟ್ಟು ಹೇಳಿದೆ. ಗಂಡ ಸಂಬಳದವನಾಗಿದ್ದರೆ ಮಾಲೀಕರಿಂದಲೇ ನೇರವಾಗಿ ಕಟ್ಟಿಸಲು 20ನೇ ಕಲಮಿನ ಆರನೇ ಉಪಕಲಮಿದೆ. ಹದಿನೇಳು ವರ್ಷಗಳಲ್ಲಿ ಒಬ್ಬ ಸಂರಕ್ಷಣಾಧಿಕಾರಿಯೂ ವಸೂಲಿಗಾಗಿ ಕೋರ್ಟಿಗೆ ಬಂದು ನಿಂತದ್ದನ್ನು ನಾನು ಕಂಡಿಲ್ಲ. ಅವರಿಗೆ ಹಾಗೆ ಬರಲು ಪುರುಸೊತ್ತು ಕೊಟ್ಟವರಾದರೂ ಯಾರು?

ವಾಸದ ಆದೇಶಗಳ ಕಥೆಯೂ ಹಾಗೇ. ಒಬ್ಬ ಹಿರಿಯ ಹೆಂಗಸು, ಐವತ್ತರ ಮೇಲಿನ ವಯಸ್ಸು, ಮನೆಯ ಒಂದು ಕೋಣೆಯಲ್ಲಿ ಇರಲು ಬಿಡಬೇಕೆಂಬ ಆದೇಶವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮನೆ ಮುಂದೆ ಹೋಗಿ ನಿಂತರು. ಬೀಗ ಹಾಕಿತ್ತು. ಜೊತೆಗೆ ಯಾರೂ ಹೋಗಿರಲಿಲ್ಲ. ಸಂಜೆಯ ತನಕ ಜಗಲಿಯ ಮೇಲೆ ಕೂತಿದ್ದು ಕೊನೆಯ ಬಸ್ಸಿಗೆ ಮಗಳ ಊರಿಗೆ ಹೋದರು. ಜೊತೆಗೆ ಹೋಗಿ, ಆಕೆಯ ಸಾಮಾನು, ಒಡವೆ ಬಿಡಿಸಿಕೊಡಬೇಕಾದವರು ಯಾರು ಎಂದು 10ನೇ ನಿಯಮದಲ್ಲಿ ಬರೆದಿದೆ. ನ್ಯಾಯಾಲಯ ನಿರ್ದೇಶಿಸಿದರೆ ಅದೂ ಸಂರಕ್ಷಣಾಧಿಕಾರಿಯ ಕೆಲಸವೇ.

ಈ ಕಾಯ್ದೆಯ ದುರುಪಯೋಗ ಆಗುತ್ತಿದೆ ಎಂಬ ಮಾತು ತಮ್ಮ ಕಿವಿಗೂ ಬೀಳುತ್ತಿರಬಹುದು. ನಮ್ಮ ವಕೀಲರ ಸಂಘದ ಕೊಠಡಿಯಲ್ಲಿ ನಾನು ವಾರಕ್ಕೊಮ್ಮೆ ಕೇಳುತ್ತೇನೆ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯವನ್ನು ಶಿಕ್ಷಿಸುವ ಹಳೆಯ 498ಎ ಕಲಮನ್ನೂ (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು) ಈ ಕಾಯ್ದೆಯನ್ನೂ ಬೆರೆಸಿ ಮಾತಾಡುವವರೇ ಹೆಚ್ಚು. ಇಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರ ಬಂಧನವೂ ಆಗುವುದಿಲ್ಲ. ಸುಳ್ಳು ಅರ್ಜಿ ಇರಲಾರದೆಂದು ನಾನು ವಾದಿಸುವುದೂ ಇಲ್ಲ; ಎಲ್ಲ ಕಾಯ್ದೆಗಳಲ್ಲೂ ಇರುತ್ತವೆ. ಹಾಗಿದ್ದರೆ ಗಂಡನಿಗೂ ಬೇಕಾಗಿರುವುದು ಬೇಗ ನೋಟಿಸು ಸಿಗುವುದೇ ಅಲ್ಲವೇ? ಎರಡು ದಿನದಲ್ಲಿ ನೋಟಿಸು ಕೈಗೆ ಬಂದರೆ ಮುಂದಿನ ವಾರ ಬಂದು ತನ್ನ ಮಾತು ಹೇಳುತ್ತಾನೆ, ಅರವತ್ತು ದಿನದಲ್ಲಿ ಸುಳ್ಳು ಯಾವುದು ನಿಜ ಯಾವುದು ಗೊತ್ತಾಗುತ್ತದೆ. ತಡವಾದಷ್ಟೂ ಅನುಕೂಲವಾಗುವುದು ತಪ್ಪು ಮಾಡಿದವನಿಗೆ ಮಾತ್ರ.

ತಡಕ್ಕೆ ತಮ್ಮ ಇಲಾಖೆಯೊಂದೇ ಕಾರಣವೆಂದು ಹೇಳಿದರೆ ನಾನು ಸುಳ್ಳಾಡಿದಂತೆ. ನೋಟಿಸಿಗೂ ಮೊದಲೇ, ಅರ್ಜಿ ಮತ್ತು ಪ್ರಮಾಣಪತ್ರದ ಮೇಲೆಯೇ ಏಕಪಕ್ಷೀಯ ಮಧ್ಯಂತರ ಆದೇಶ ಕೊಡಲು 23ನೇ ಕಲಮಿನಲ್ಲಿ ಅಧಿಕಾರವಿದೆ. ಅದನ್ನು ಬಳಸಲು ನಮ್ಮ ಕೋರ್ಟುಗಳು ಹಿಂಜರಿಯುತ್ತವೆ. ನಡೆದ ಹಿಂಸೆಯನ್ನು ದಾಖಲಿಸುವ ಸಂರಕ್ಷಣಾಧಿಕಾರಿಯ ಕೌಟುಂಬಿಕ ಘಟನಾ ವರದಿ ಇಲ್ಲದಿದ್ದರೂ ಆದೇಶ ಮಾಡಬಹುದೆಂದು ಸುಪ್ರೀಂ ಕೋರ್ಟು 2022ರ ಮೇನಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದ ಮೇಲೂ ‘ವರದಿ ಬರಲಿ’ ಎಂದು ವಾಯಿದೆ ಹಾಕುವುದನ್ನು ಕಂಡಿದ್ದೇನೆ. ಇನ್ನು ನಾವು ವಕೀಲರು. ಆಸ್ತಿ ಮತ್ತು ಆದಾಯದ ಪ್ರಮಾಣಪತ್ರವನ್ನು ಎರಡೂ ಕಡೆಯವರು ಸಲ್ಲಿಸಬೇಕು, ಅದಾದ ನಾಲ್ಕರಿಂದ ಆರು ತಿಂಗಳೊಳಗೆ ಮಧ್ಯಂತರ ಜೀವನಾಂಶ ತೀರ್ಮಾನಿಸಲು ಯತ್ನಿಸಬೇಕು ಎಂದು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು ಹೇಳಿದೆ. ಆ ಪ್ರಮಾಣಪತ್ರ ಸಲ್ಲಿಸಲು ಕಾಲಾವಕಾಶದ ಮೇಲೆ ಕಾಲಾವಕಾಶ ಕೇಳುವವರು ನನ್ನ ವೃತ್ತಿಬಾಂಧವರೇ. ನಾನೂ ಗಂಡಸರ ಪರ ಹಾಜರಾದಾಗ ಒಂದೆರಡು ಸಲ ಹೀಗೆ ಕೇಳಿದ್ದೇನೆ. ಈಗ ಅದನ್ನು ಬಿಟ್ಟಿದ್ದೇನೆ. ಕೋರ್ಟಿನ ವಿಷಯಗಳು ಉಚ್ಚ ನ್ಯಾಯಾಲಯ ನೋಡಬೇಕಾದವು, ಅದಕ್ಕಾಗಿ ಈ ಪತ್ರದ ಪ್ರತಿಯನ್ನು ಅಲ್ಲಿನ ರಿಜಿಸ್ಟ್ರಾರ್ ಜನರಲ್ ಅವರಿಗೂ ಕಳಿಸುತ್ತಿದ್ದೇನೆ. ತಮ್ಮ ಮುಂದೆ ತಮ್ಮ ಕೈಯಲ್ಲಿರುವುದನ್ನಷ್ಟೇ ಇಡುತ್ತಿದ್ದೇನೆ.

2025ರ ಮೇ 20ರಂದು ಸುಪ್ರೀಂ ಕೋರ್ಟು ಈ ಬಗ್ಗೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ‘ವಿ ದ ವಿಮೆನ್ ಆಫ್ ಇಂಡಿಯಾ’ ಸಂಸ್ಥೆ ಹಾಕಿದ್ದ ಅರ್ಜಿ ಅದು. ಪೀಠದಲ್ಲಿ ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದರು. ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ, ಎಲ್ಲಿ ಸಂರಕ್ಷಣಾಧಿಕಾರಿಗಳಿಲ್ಲವೋ ಅಲ್ಲಿ ಆರು ವಾರದೊಳಗೆ ನೇಮಿಸಬೇಕು, ಕಾಯ್ದೆಯ ಬಗ್ಗೆ ವ್ಯಾಪಕ ಪ್ರಚಾರ ಮಾಡಬೇಕು ಎಂದಿತು. ‘ನಮ್ಮಲ್ಲಿ ಸಿಡಿಪಿಒಗಳು ಆಗಲೇ ಇದ್ದಾರೆ’ ಎಂದು ಉತ್ತರ ಬರೆಯುವುದು ಕರ್ನಾಟಕಕ್ಕೆ ಸುಲಭ. ಕಾಗದದ ಮೇಲೆ ಅದು ಸರಿಯಾದ ಉತ್ತರವೇ. ಆದರೆ ಹೆಚ್ಚುವರಿ ಹೊಣೆ ಎಂದರೆ ಏನೆಂದು ಸರ್ಕಾರಿ ಕಚೇರಿ ಹತ್ತಿ ಇಳಿದ ಎಲ್ಲರಿಗೂ ಗೊತ್ತು. ಬಾಗಿಲ ಮೇಲೆ ಇನ್ನೊಂದು ಬೋರ್ಡು ಬರುತ್ತದೆ, ಒಳಗಿನ ಕುರ್ಚಿ ಒಂದೇ ಇರುತ್ತದೆ.

ಆದ್ದರಿಂದ ನನ್ನ ಮೊದಲ ಬೇಡಿಕೆ, ಪ್ರತಿ ತಾಲ್ಲೂಕಿಗೆ ಬೇರೆ ಯಾವ ಹೊಣೆಯೂ ಇಲ್ಲದ ಒಬ್ಬ ಪೂರ್ಣಾವಧಿ ಸಂರಕ್ಷಣಾಧಿಕಾರಿ ಬೇಕು. ಸಾಧ್ಯವಾದ ಮಟ್ಟಿಗೂ ಹೆಣ್ಣುಮಕ್ಕಳನ್ನೇ ನೇಮಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಸಾಮಾಜಿಕ ಕ್ಷೇತ್ರದಲ್ಲಿ ಮೂರು ವರ್ಷದ ಅನುಭವ, ಕನಿಷ್ಠ ಮೂರು ವರ್ಷದ ಅಧಿಕಾರಾವಧಿ ಎಂದು ನಿಯಮಗಳಲ್ಲಿದೆ. ಕೇರಳದಲ್ಲಿ ಜಿಲ್ಲೆಗಳಿಗೆ ಪ್ರತ್ಯೇಕ ಮಹಿಳಾ ಸಂರಕ್ಷಣಾಧಿಕಾರಿಗಳಿದ್ದಾರೆ. ಒಮ್ಮೆಲೇ ಎಲ್ಲ ತಾಲ್ಲೂಕಿಗೂ ಆಗದಿದ್ದರೆ, ಹೆಚ್ಚು ಅರ್ಜಿ ಬರುವ ತಾಲ್ಲೂಕುಗಳನ್ನು ಆರಿಸಿಕೊಂಡು ಈ ಆಯವ್ಯಯದಲ್ಲೇ ಶುರು ಮಾಡಿ. ಹುದ್ದೆ ಮಂಜೂರಾಗಲು ಹಣಕಾಸು ಇಲಾಖೆಯಲ್ಲಿ ಎಷ್ಟು ದಿನ ಹಿಡಿಯುತ್ತದೆಂದು ನನಗೆ ಅಂದಾಜಿದೆ. ಹಾಗಾಗಿ ಅಲ್ಲಿಯವರೆಗೆ ಕಾಯದೆ, ಒಂದು ಸುತ್ತೋಲೆಯಿಂದ ನಾಳೆಯೇ ಆಗಬಹುದಾದ ಕೆಲಸಗಳನ್ನೂ ಕೇಳುತ್ತೇನೆ.

ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋಗುವ ನೋಟಿಸು ಅಂಚೆಯಲ್ಲಿ ಓಡಾಡುವುದು ನಿಲ್ಲಲಿ, ಅದೇ ದಿನ ಇ-ಮೇಲ್‌ನಲ್ಲಿ ಹೋಗಲಿ. ಅದೇ ಊರಿನ ಅಂಗನವಾಡಿ ಕಾರ್ಯಕರ್ತೆಯ ಕೈಗೆ ನೋಟಿಸು ಕೊಡುವುದನ್ನು ಸ್ಪಷ್ಟವಾಗಿ ನಿಷೇಧಿಸಿ. ಜಾರಿಗೆ ಹೋಗುವವರು ಕಚೇರಿಯಿಂದಲೇ ಹೋಗಲಿ, ಹೋದ ಪೆಟ್ರೋಲಿನ ಹಣ ಅವರಿಗೆ ತಿಂಗಳೊಳಗೆ ಸಿಗಲಿ, ಅಗತ್ಯವಿದ್ದರೆ ಠಾಣೆಯಿಂದ ಒಬ್ಬ ಕಾನ್ಸ್‌ಟೇಬಲ್ ಜೊತೆಗಿರಲಿ. ಆಸಾಮಿ ಸಿಗದಿದ್ದರೆ ‘ವಾಸವಿರುವುದಿಲ್ಲ’ ಎಂದು ಬರೆದು ಮರಳಿಸದೆ, 12ನೇ ನಿಯಮದಂತೆ ಮನೆಯಲ್ಲಿದ್ದವರಿಗೆ ಕೊಡಬೇಕು, ಅದೂ ಆಗದಿದ್ದರೆ ಬಾಗಿಲಿಗೆ ಅಂಟಿಸಿ ಫೋಟೋ ಸಹಿತ ವರದಿ ಕೊಡಬೇಕು ಎಂದು ಎಲ್ಲ ಕಚೇರಿಗಳಿಗೂ ತಿಳಿಸಿ. ಆತ ಕೆಲಸ ಮಾಡುವ ಜಾಗದಲ್ಲೂ ನೋಟಿಸು ಜಾರಿ ಮಾಡಬಹುದೆಂಬುದು ಎಷ್ಟೋ ಕಚೇರಿಗಳಿಗೆ ಗೊತ್ತೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕ ಕೇಳಿ. ತಮ್ಮ ತಿಂಗಳ ಪ್ರಗತಿ ಪರಿಶೀಲನಾ ಸಭೆಯ ನಮೂನೆಯಲ್ಲಿ ಒಂದು ಸಾಲು ಹೆಚ್ಚು ಸೇರಿಸಿ: ಈ ತಿಂಗಳು ಎಷ್ಟು ನೋಟಿಸು ಬಂದವು, ಪ್ರತಿಯೊಂದಕ್ಕೂ ಎಷ್ಟು ದಿನ ಹಿಡಿಯಿತು, ಎಷ್ಟು ಹಣದ ಆದೇಶಗಳು ಬಾಕಿ ಇವೆ. ಆ ಅಂಕಿಗಳನ್ನು ತಾಲ್ಲೂಕುವಾರು ಇಲಾಖೆಯ ಜಾಲತಾಣದಲ್ಲಿ ಹಾಕಿ, ಹೆಸರುಗಳಿಲ್ಲದೆ. ತಾವು ಒಂದು ಸಲ ಕೇಳಿದರೆ ಜಿಲ್ಲೆಯ ಉಪನಿರ್ದೇಶಕರು ಹತ್ತು ಸಲ ಕೇಳುತ್ತಾರೆ. ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೆ ಶಿಕ್ಷೆ ಕೊಡಲು 33ನೇ ಕಲಮಿದೆ, ಅದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು. ಆ ಕಲಮನ್ನು ಬಳಸಿ ಎಂದು ನಾನು ಕೇಳುವುದಿಲ್ಲ. ಮಾಡಲಾಗದಷ್ಟು ಹೊರೆ ಹೊರಿಸಿ ಆಮೇಲೆ ಶಿಕ್ಷೆಗೆ ಅನುಮತಿ ಕೊಡುವುದು ನ್ಯಾಯವಾಗುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ಮಾತು. 181 ಮಹಿಳಾ ಸಹಾಯವಾಣಿಯ ಬೋರ್ಡುಗಳು ಬಸ್‌ಸ್ಟ್ಯಾಂಡುಗಳಲ್ಲಿವೆ, ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರಗಳು ಜಿಲ್ಲಾ ಕೇಂದ್ರಗಳಲ್ಲಿವೆ. ಅವುಗಳಿಂದ ಉಪಕಾರವಾಗಿದೆ. ಆದರೆ ‘ತಾಲ್ಲೂಕಿನ ಸಂರಕ್ಷಣಾಧಿಕಾರಿ ಇವರು, ಈ ಕೋಣೆಯಲ್ಲಿ, ಈ ಹೊತ್ತಿನಲ್ಲಿ ಸಿಗುತ್ತಾರೆ’ ಎಂಬ ಒಂದು ಫಲಕವನ್ನು ನಾನು ಯಾವ ತಾಲ್ಲೂಕು ಕಚೇರಿಯಲ್ಲೂ, ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ. ವಕೀಲರಿಲ್ಲದೆಯೇ, ಒಂದು ರೂಪಾಯಿ ಖರ್ಚಿಲ್ಲದೆ, ಆಕೆಯ ಪರವಾಗಿ ಅರ್ಜಿ ಬರೆದುಕೊಡಬೇಕಾದ ಅಧಿಕಾರಿ ಒಬ್ಬರಿದ್ದಾರೆಂಬುದು ನನ್ನ ಬಳಿ ಬಂದ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನರಿಗೆ ಗೊತ್ತಿರಲಿಲ್ಲ. ಅಂದು ಆಸ್ಪತ್ರೆಯಲ್ಲಿ ಅಂಥ ಫಲಕವಿದ್ದು, ಒಬ್ಬ ನರ್ಸಮ್ಮ ಆ ಗಂಡನನ್ನು ಹೊರಗೆ ಕಳಿಸಿ ಒಂದು ಫೋನು ಮಾಡಿದ್ದರೆ, ನನ್ನ ಕಕ್ಷಿದಾರಳ ಚೀಟಿಯಲ್ಲಿ ‘ಬಿದ್ದು ಪೆಟ್ಟಾಗಿದೆ’ ಎಂದು ಇರುತ್ತಿರಲಿಲ್ಲ.

ಆಕೆಯ ಬಾಕಿ ವಸೂಲಿ ಅರ್ಜಿಗೆ ಮುಂದಿನ ತಿಂಗಳ ಎರಡನೇ ವಾರ ವಾಯಿದೆ ಇದೆ. ಬೆರಳುಗಳು ಕೂಡಿವೆ, ಆದರೆ ಕಿರುಬೆರಳು ಮಡಚುವುದಿಲ್ಲ; ನಾರು ಹೊಸೆಯಲು ಆಗುವುದಿಲ್ಲವೆಂದು ಈಗ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ ಕೊಟ್ಟಿದ್ದಾರೆ, ಕೂಲಿ ಅದಕ್ಕೆ ಕಡಿಮೆ. ಆ ವಾಯಿದೆಯ ದಿನ ನಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಕೋರ್ಟಿಗೆ ಬಂದು, ವಸೂಲಿಗೆ ಏನು ಮಾಡಿದ್ದೇವೆಂದು ಒಂದು ವರದಿ ಕೊಡುವಂತೆ ತಾವು ಅಷ್ಟರೊಳಗೆ ಎಲ್ಲ ತಾಲ್ಲೂಕುಗಳಿಗೂ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ತಾಲ್ಲೂಕು ನ್ಯಾಯಾಲಯವೊಂದರ ವಕೀಲೆ

ಪ್ರತಿ: ರಿಜಿಸ್ಟ್ರಾರ್ ಜನರಲ್, ಕರ್ನಾಟಕ ಉಚ್ಚ ನ್ಯಾಯಾಲಯ, ಸದಸ್ಯ ಕಾರ್ಯದರ್ಶಿ, ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ.